ಬೇಲಿ ಬುಡದ ಹನ್ನೊಂದನೇ ಗುಂಡಿ

"ಕಿತ್ತು ನೋಡಿ ಮೇಡಂ. ನಿಮ್ಮ ಕೈಯಾರೆ ಕೀಳಿ. ಆಮೇಲೆ ಯಜಮಾನ ಕತೆ ಕಟ್ಟಿದ ಅನ್ಬೇಡಿ."

ಹೊಲದ ಯಜಮಾನರು ಕೋಸಿನ ಸಾಲುಗಳ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹೊತ್ತು ಸರಿಯಾಗಿ ನೆತ್ತಿಯ ಮೇಲಿತ್ತು. ಗಡ್ಡೆಬೇರು ರೋಗ ಹಿಡಿದ ಕೋಸು ತನ್ನ ಗುಟ್ಟು ಬಿಟ್ಟುಕೊಡುವುದು ಈ ಹೊತ್ತಿನಲ್ಲೇ. ಬೆಳಗ್ಗೆ ನೋಡಿದರೆ ಗಟ್ಟಿಮುಟ್ಟು, ಸಂಜೆ ನೋಡಿದರೂ ಗಟ್ಟಿಮುಟ್ಟು. ಮಧ್ಯಾಹ್ನ ಮಾತ್ರ ಎಲೆ ಜೋತುಬಿದ್ದಿರುತ್ತದೆ.

ಬಗ್ಗಿ ಒಂದು ಗಿಡ ಕಿತ್ತೆ. ಬೇರು ಇರಬೇಕಾದ ಕಡೆ ಹಸಿಶುಂಠಿಯಂಥ ಗಡ್ಡೆ ಕೈಗೆ ಬಂತು.

"ಹುಳ ಬಿದ್ದಿರೋ ಗಂಟಾಗಿರಬಹುದಲ್ವಾ ಅಕ್ಕಾ?" ಎಂದ ನನ್ನ ತಮ್ಮ. ಅವನು ಬೆಳೆಗಾರರ ಸಂಘದ ಕಾರ್ಯದರ್ಶಿ. ಕಂಕುಳಲ್ಲಿ ನಡಾವಳಿ ಪುಸ್ತಕ ಇಲ್ಲದೆ ಅವನನ್ನು ನೋಡಿದವರು ಕಡಿಮೆ.

"ಹುಳದ ಗಂಟು ಮಣಿ ಪೋಣಿಸಿದ ಹಾಗಿರುತ್ತೆ. ಇದು ಗಡ್ಡೆಬೇರೇ," ಎಂದೆ.

"ಅಂದ್ರೆ ಇಪ್ಪತ್ತು ವರ್ಷ ಈ ಮಣ್ಣಲ್ಲಿ ಕೋಸು ಏಳಲ್ಲ," ಎಂದರು ಯಜಮಾನರು. "ನನ್ನ ಕಾಲ ಮುಗೀತು ಅಂತಾನೇ ಅರ್ಥ. ಇದೆಲ್ಲ ಬಂದಿದ್ದು ಎಲ್ಲಿಂದ ಅಂತ ನಂಗೆ ಗೊತ್ತು. ಐದು ಗಂಟೆಗೆ ಎಲ್ರಿಗೂ ಗೊತ್ತಾಗುತ್ತೆ."

ಅವರು ಬೇಲಿಯಾಚೆ ಕೈತೋರಿಸಿದರು. ಅಲ್ಲಿ ಬಿಳಿ ಪರದೆ ಹೊದ್ದ ನರ್ಸರಿ. ಯಜಮಾನರ ತೀರಿಕೊಂಡ ತಮ್ಮನ ಹೆಂಡತಿಯ ನರ್ಸರಿ. ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಅವಳನ್ನು ಸಸಿ ಅಕ್ಕ ಎನ್ನುತ್ತಾರೆ. ಈ ಹೊಲದ ಕೋಸೆಲ್ಲ ಅವಳ ಟ್ರೇಗಳಿಂದ ಬಂದ ಸಸಿ. ಈಗ ಅವಳಲ್ಲಿ ಇನ್ನೂ ನಲವತ್ತು ಸಾವಿರ ಸಸಿ ನಾಟಿಗೆ ಸಿದ್ಧವಾಗಿ ನಿಂತಿವೆ. ಐದು ಗಂಟೆಗೆ ಸಂಘದ ಸಭೆ. ರೋಗ ಸಸಿಯಿಂದ ಬಂತೆಂದು ತೀರ್ಮಾನವಾದರೆ ಅಷ್ಟಕ್ಕೂ ಬೆಂಕಿ, ನರ್ಸರಿಗೆ ಏಳು ವರ್ಷ ಬೀಗ.

ತೀರ್ಮಾನ ನಿಂತಿದ್ದು ನನ್ನ ವರದಿಯ ಮೇಲೆ. ಮಣ್ಣು ಮೇಡಂ ಅಂತ ಹೆಸರಿಟ್ಟುಕೊಂಡು ಇಪ್ಪತ್ತಾರು ವರ್ಷ ಇವರ ಹೊಲಗಳಲ್ಲಿ ಮಣ್ಣು ಕೆದಕಿದ್ದೇನೆ. ಮಣ್ಣು ನನಗೆ ಸುಳ್ಳು ಹೇಳಿಲ್ಲ. ಜನ ಹೇಳಿದ್ದಾರೆ.

"ನೀವಿಬ್ಬರೂ ಹೊರಡಿ. ಇಬ್ಬರು ಎರಡೂ ಕಿವಿಯಲ್ಲಿ ಮಾತಾಡ್ತಿದ್ರೆ ನಂಗೆ ಏನೂ ಕಾಣಲ್ಲ."

"ಅಕ್ಕಂಗೆ ಕಾಣೋದು ಕಿವಿಯಿಂದ," ಎಂದು ತಮ್ಮ ಯಜಮಾನರಿಗೆ ಹೇಳಿ ನಕ್ಕ. ಯಜಮಾನರು ನಗಲಿಲ್ಲ.

ಅವರು ಹೋದ ಮೇಲೆ ಪಂಪುಮನೆಯ ಜಗಲಿ ಹತ್ತಿ ಇಡೀ ಹೊಲ ನೋಡಿದೆ. ನೋಡಿದವಳು ಅಲ್ಲೇ ಕೂತುಬಿಟ್ಟೆ.

ಸಸಿಯಿಂದ ಬಂದ ರೋಗ ಸಾಲು ಹಿಡಿದು ಬರುತ್ತದೆ. ಒಂದು ಟ್ರೇ ಕೆಟ್ಟಿದ್ದರೆ ನಾಟಿ ಯಂತ್ರ ಆ ಟ್ರೇ ಖಾಲಿಯಾಗುವವರೆಗೆ ಸಾಲಿಗೆ ಸಾಲೇ ಕೆಡಿಸುತ್ತದೆ. ಟ್ರ್ಯಾಕ್ಟರಿನ ಚಕ್ರಕ್ಕೆ ಅಂಟಿ ಬಂದ ರೋಗವಾದರೆ ಗೇಟಿನ ಬಳಿ ಶುರುವಾಗಿ ಒಳಗೆ ಹೋದಂತೆ ಸವೆಯುತ್ತದೆ. ಇಲ್ಲಿ ಸಾಲೂ ಇರಲಿಲ್ಲ, ಗೇಟಿನ ಬಳಿ ಒಂದು ಗಿಡವೂ ಬಾಡಿರಲಿಲ್ಲ. ಹಸಿರು ಹೊಲದ ನಡುವೆ ದುಂಡಗೆ ಬಾಡಿದ ಜಾಗಗಳು. ಎಣಿಸಿದೆ. ಹತ್ತು.

ಹತ್ತೂ ಅಂಕುಡೊಂಕಾಗಿ ಹಬ್ಬಿದ್ದವು. ಪಂಪುಮನೆಯ ಮೂಲೆಯಿಂದ ಆಚೆ ಬದುವಿಗೆ, ಅಲ್ಲಿಂದ ಬಂಡೆ ತಪ್ಪಿಸಿ ಈಚೆ ಬದುವಿಗೆ, ಮತ್ತೆ ಆಚೆಗೆ. ಆ ದಾರಿಯನ್ನು ನನಗೆ ಯಾರೂ ತೋರಿಸಬೇಕಿರಲಿಲ್ಲ. ಅದು ನನ್ನದೇ ದಾರಿ.

ಇಳಿದು, ಬಾಡಿದ ಮೊದಲ ಜಾಗದ ನಡುವೆ ನಿಂತೆ. ಹೋದ ಹಂಗಾಮಿನಲ್ಲಿ ಮಣ್ಣಿನ ಮಾದರಿ ತೆಗೆಯಲು ಬಣ್ಣದ ಕಡ್ಡಿ ನೆಟ್ಟ ಜಾಗ ಇದೇ. ಹುಳಿ ಮಣ್ಣಿನಲ್ಲಿ ಗಡ್ಡೆಬೇರು ಹುಚ್ಚೆದ್ದು ಬೆಳೆಯುತ್ತದೆ, ಅದಕ್ಕೆ ನಾನು ಮೊದಲು ಮಣ್ಣು ತೆಗೆದು ಹುಳಿ ನೋಡುತ್ತೇನೆ, ಆಮೇಲೆ ಸುಣ್ಣ ಹೊಡೆಸಿ ಉಳುಮೆ ಮಾಡಿಸುತ್ತೇನೆ, ಆರು ವಾರ ಬಿಟ್ಟು ಅದೇ ಕಡ್ಡಿಗಳ ಪಕ್ಕ ಇನ್ನೊಮ್ಮೆ ಮಣ್ಣು ತೆಗೆಯುತ್ತೇನೆ. ಕಡ್ಡಿ ಕೀಳುವುದು ಎರಡನೇ ಸಲದ ನಂತರ.

ರೋಗ ತಂದದ್ದು ಮಣ್ಣು ಕೊರೆಯುವ ನನ್ನ ಬೈರಿಗೆಯೇ? ಬೇರೆ ಹೊಲದಲ್ಲಿ ಕೊರೆದು, ತೊಳೆಯದೆ ಇಲ್ಲಿ ಕೊರೆದೆನೇ? ಊರಿಗೆಲ್ಲ ಬೂಟು ತೊಳೀರಿ, ಗುದ್ದಲಿ ತೊಳೀರಿ ಎಂದು ಬೈಯುತ್ತ ತಿರುಗುವ ನಾನೇ? ನಾಚಿಕೆಯಿಂದ ಮುಖ ಬಿಸಿಯಾಯಿತು. ಆಸುಪಾಸಿನಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿದೆ.

ಆಮೇಲೆ ಬುದ್ಧಿ ಸ್ವಲ್ಪ ಮರಳಿತು. ಕೊಳೆಯಾದ ಬೈರಿಗೆ ಮೊದಲ ಗುಂಡಿಯಲ್ಲಿ ಹೆಚ್ಚು ರೋಗ ಉದುರಿಸುತ್ತದೆ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಉಜ್ಜಿ ಉಜ್ಜಿ ತಾನೇ ಶುದ್ಧವಾಗಿರುತ್ತದೆ. ಹೆಜ್ಜೆ ಹಾಕಿ ಅಳೆದೆ. ಮೊದಲನೆಯದು ಅಡ್ಡಕ್ಕೆ ಐದು ಹೆಜ್ಜೆ. ಐದನೆಯದೂ ಐದೇ. ಹತ್ತನೆಯದೂ ಐದೇ.

ಹತ್ತಕ್ಕೂ ಒಂದೇ ಅಳತೆ. ಆಕಸ್ಮಿಕಕ್ಕೆ ಇಷ್ಟು ಅಚ್ಚುಕಟ್ಟು ಇರುವುದಿಲ್ಲ.

ನಡುಜಾಗವನ್ನು ಕರಣೆಯಿಂದ ಮೆಲ್ಲಗೆ ಸೀಳಿದೆ. ಕಪ್ಪು ಮಣ್ಣಿನ ನಡುವೆ ಅಂಗೈ ಅಗಲದ, ಮೊಣಕೈ ಆಳದ ಬೇರೆ ಮಣ್ಣಿನ ಕಂಬ. ಸ್ವಲ್ಪ ಕಂದು, ಸ್ವಲ್ಪ ಮರಳು. ಚೀಲದ ಸೀಸೆಯಿಂದ ಎರಡು ಹನಿ ಆಮ್ಲ ಬಿಟ್ಟೆ. ಸುಣ್ಣ ಸೇರಿದ ಮಣ್ಣು ನೊರೆ ಕಟ್ಟುತ್ತದೆ. ಸುತ್ತಲಿನ ಕಪ್ಪು ಮಣ್ಣು ನೊರೆ ಕಟ್ಟಿತು. ಕಂದು ಮಣ್ಣು ಸುಮ್ಮನಿತ್ತು.

ಸುಣ್ಣ ಹೊಡೆದು ಉತ್ತ ಮೇಲೆ ತುಂಬಿದ ಗುಂಡಿ ಇದು. ಅಂದರೆ ಎರಡನೇ ಸಲ ಮಣ್ಣು ತೆಗೆದಾಗಿನದು. ಗುಂಡಿ ಹಾಗೇ ಬಿಟ್ಟರೆ ನಾಟಿ ಯಂತ್ರದ ಚಕ್ರ ಕುಸಿಯುತ್ತದೆಂದು ಒಂದೊಂದಕ್ಕೆ ಒಂದೊಂದು ಡಬ್ಬಿ, ರೋಗಾಣು ಸಾಯಲೆಂದು ಬೇಯಿಸಿದ ಮಣ್ಣು ತುಂಬುವುದು ನನ್ನದೇ ಪದ್ಧತಿ. ಯಾರೋ ನನ್ನ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿ, ಬೇಯಿಸಿದ ಮಣ್ಣಿನ ಬದಲು ರೋಗದ ಮಣ್ಣು ತುಂಬಿದ್ದರು. ನೀರು ಹಾಯಿಸಿದಾಗಲೆಲ್ಲ ಅದು ಸುತ್ತ ಹರಡಿತ್ತು.

ಯಾರು? ಸಂಘದ ಕಪಾಟಿನಲ್ಲಿರುವ ನಕ್ಷೆ ನೋಡಿಕೊಂಡು ಬಂದವರೇ, ಇಲ್ಲಾ ಕಡ್ಡಿಗಳು ಹೊಲದಲ್ಲಿದ್ದಾಗ ಬೈರಿಗೆ ಹಿಡಿದು ಬಂದವರೇ?

ಇದನ್ನು ತೀರ್ಮಾನಿಸಲು ಒಂದು ದಾರಿ ಇತ್ತು. ಸಂಘದ ನಮೂನೆಯಲ್ಲಿ ಹತ್ತೇ ಖಾನೆ, ಹಾಗಾಗಿ ನಕ್ಷೆಯಲ್ಲೂ ಹತ್ತೇ ಚುಕ್ಕೆ. ನಾನು ಮಾತ್ರ ಹನ್ನೊಂದು ತೆಗೆಯುತ್ತೇನೆ. ಹತ್ತು ಹೊಲದೊಳಗೆ, ಹನ್ನೊಂದನೆಯದು ಬೇಲಿ ಬುಡದಲ್ಲಿ, ಉಳದ ಮಣ್ಣಿನೊಂದಿಗೆ ಹೋಲಿಸಿ ನೋಡಲು. ಅದಕ್ಕೂ ಒಂದು ಕಡ್ಡಿ ಇರುತ್ತದೆ. ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

ಬೇಲಿ ಬುಡದಲ್ಲಿ ಕೋಸು ನೆಟ್ಟಿಲ್ಲ, ಬಾಡಲು ಅಲ್ಲಿ ಏನಿದೆ ಎಂದುಕೊಂಡೇ ಹೋದೆ. ಕಾಡು ಸಾಸಿವೆ ಇತ್ತು. ಸಾಸಿವೆ, ಮೂಲಂಗಿ, ಕೋಸು ಎಲ್ಲ ಒಂದೇ ಕುಲ, ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ಬರುತ್ತದೆ. ಐದು ಹೆಜ್ಜೆ ಅಗಲದಲ್ಲಿ ಸಾಸಿವೆ ಗಿಡಗಳು ತಲೆಬಾಗಿಸಿ ನಿಂತಿದ್ದವು. ಒಂದನ್ನು ಕಿತ್ತೆ. ಬುಡದಲ್ಲಿ ಪುಟ್ಟ ಪುಟ್ಟ ಗಡ್ಡೆ.

ಹನ್ನೊಂದು. ಬಂದವರು ಕಡ್ಡಿಗಳ ಜಾಡು ಹಿಡಿದೇ ಬಂದಿದ್ದರು. ನನ್ನ ಬೈರಿಗೆ ಅವರ ಕೈಯಲ್ಲಿತ್ತು.

ಎರಡನೇ ಸಲ ಮಣ್ಣು ತೆಗೆದದ್ದು ನಾನಲ್ಲ. ಆ ವಾರ ಇನ್ನೊಂದು ಹೊಲದಲ್ಲಿ ಸುಣ್ಣ ಎರಚುವಾಗ ಗಾಳಿ ತಿರುಗಿ ಪುಡಿ ನನ್ನ ಎರಡೂ ಕಣ್ಣಿಗೆ ಬಿದ್ದಿತ್ತು. ಒಂಬತ್ತು ದಿನ ಪಟ್ಟಿ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದ್ದೆ. ಕೆಲಸ ನಿಲ್ಲಬಾರದೆಂದು ನಾನು ಬೈರಿಗೆ ಕೊಟ್ಟದ್ದು, ಬೂಟು ತೊಳೆಯುವುದರಲ್ಲಿ ನನಗಿಂತ ಕಟ್ಟುನಿಟ್ಟಾಗಿರುವ ಒಬ್ಬಳಿಗೆ.

ಸಸಿ ಅಕ್ಕನಿಗೆ.

*

ನರ್ಸರಿಯ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ. ಅದರಲ್ಲಿ ಬೂಟು ಅದ್ದದೆ ಯಾರನ್ನೂ ಅವಳು ಒಳಗೆ ಬಿಡುವುದಿಲ್ಲ. ನನ್ನನ್ನೂ ಬಿಡುವುದಿಲ್ಲ.

"ಇನ್ನೊಂದು ಸಲ ಅದ್ದಿ ಮೇಡಂ. ಆ ಹೊಲದಿಂದ ಬಂದಿದೀರ," ಎಂದಳು. ಕಣ್ಣು ಊದಿತ್ತು, ಅತ್ತಿರಬೇಕು. ಕೈ ಮಾತ್ರ ತನ್ನ ಪಾಡಿಗೆ ಸಸಿಗಳ ನಡುವಿನ ಕಳೆ ತೆಗೆಯುತ್ತಿತ್ತು.

ಒಂದು ಟ್ರೇಯಿಂದ ನಾಲ್ಕು ಸಸಿ ಎತ್ತಿ ಬೇರು ನೋಡಿದೆ. ಬೆಳ್ಳಗೆ ನೂಲಿನಂತಿದ್ದವು.

"ಚೆನ್ನಾಗಿವೆ ಅಲ್ವಾ?" ಎಂದಳು.

"ಈಗ ಚೆನ್ನಾಗೇ ಕಾಣುತ್ವೆ. ರೋಗ ಇದ್ರೂ ಗಡ್ಡೆ ಕಟ್ಟೋಕೆ ಆರು ವಾರ ಬೇಕು. ಇದನ್ನ ತೋರ್ಸಿದ್ರೆ ನಿಮ್ಮ ಭಾವ ನನ್ನ ಬಾಯಿ ಮುಚ್ಚಿಸ್ತಾರೆ."

"ಭಾವ ಹೋದ ತಿಂಗಳವರೆಗೂ ನನ್ನ ಪರ ಇದ್ರು. ಸಂಘದೋರು ಗಾಜಿನ ಸಸಿಮನೆ ಕಟ್ತೀವಿ ಅಂದಾಗ, ನಮ್ಮ ಮನೆಯವಳ ನರ್ಸರಿ ಇರೋವಾಗ ಅದ್ಯಾಕೆ ಅಂತ ಅಡ್ಡ ನಿಂತಿದ್ದೇ ಅವ್ರು. ಈಗ ನನ್ನ ಮುಖ ನೋಡಲ್ಲ."

ಗಾಜಿನ ಸಸಿಮನೆಯ ಓಡಾಟವೆಲ್ಲ ನನ್ನ ತಮ್ಮನದು ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

"ಒಂದು ಕೇಳ್ತೀನಿ, ನೆಟ್ಟಗೆ ಹೇಳು. ಸುಣ್ಣ ಹೊಡೆದ ಮೇಲೆ ಆ ಹೊಲದಲ್ಲಿ ಮಣ್ಣು ತೆಗೆದೋರು ಯಾರು?"

ಅವಳ ಕೈ ನಿಂತಿತು. "ಯಾಕೆ?"

"ಯಾಕೆ ಅಂತ ಆಮೇಲೆ. ರಿಜಿಸ್ಟರಿನಲ್ಲಿ ನಿನ್ನ ಹೆಸರಿದೆ."

"ನೀವು ಬರಿ ಅಂದ್ರಿ, ಬರೆದೆ. ಆ ಒಂಬತ್ತು ದಿನ ನಾನು ನಿಮ್ಮ ಮಂಚದ ಪಕ್ಕಾನೇ ಇದ್ನಲ್ಲ ಮೇಡಂ. ನಿಮಗೆ ಔಷಧಿ ಬಿಡೋದು, ಅನ್ನ ಕಲಸಿ ಕೊಡೋದು, ನೀವು ಹೇಳಿದ ಲೆಕ್ಕಪತ್ರ ಎಲ್ಲ ಬರೆಯೋದು. ಹೊಲಕ್ಕೆ ಹೋಗೋಕೆ ಪುರುಸೊತ್ತು ಎಲ್ಲಿತ್ತು?"

ಅದು ನಿಜ. ನನ್ನದು ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಬೇರೆ ಕೈಬರಹ ಕಂಡರೆ ಕಚೇರಿಯವರು ತಕರಾರು ತೆಗೆಯುತ್ತಾರೆಂದು ಅವಳು ನನ್ನ ಅಕ್ಷರವನ್ನೇ ಅಣಕಿಸಿ ವಾರವಿಡೀ ಬರೆದಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಅದನ್ನು ನೋಡಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಈಗ ನಗು ಬರಲಿಲ್ಲ.

"ಹಾಗಾದ್ರೆ ಬೈರಿಗೆ ಯಾರಿಗೆ ಕೊಟ್ಟೆ?"

"ಹೇಳಿದ್ರೆ ನೀವು ನಂಬಲ್ಲ. ನಂಬಿದ್ರೆ ನಿಮ್ಮ ಮನೇಲಿ ನೆಮ್ಮದಿ ಇರಲ್ಲ."

"ಒಗಟು ಬೇಡ. ಐದು ಗಂಟೆಗೆ ನಿನ್ನ ಸಸಿಗೆ ಬೆಂಕಿ ಹಚ್ತಾರೆ."

"ಹಚ್ಲಿ," ಎಂದಳು. "ನನ್ನ ಬಾಯಿಂದ ಆ ಹೆಸರು ಬಂದ್ರೆ, ತಾನು ತಪ್ಪಿಸಿಕೊಳ್ಳೋಕೆ ಇನ್ನೊಬ್ಬರ ತಲೆಗೆ ಕಟ್ಟಿದ್ಲು ಅಂತಾರೆ. ನೀವೂ ಅಂತೀರ. ನೀವೇ ಕಂಡ್ಕೊಳ್ಳಿ."

ಅವಳ ಹಿಂದೆ ಕಿಟಕಿ. ಕಿಟಕಿಯ ತುಂಬ ಆ ಹೊಲ. ದಿನಬೆಳಗಾದರೆ ಅವಳು ಅದನ್ನೇ ನೋಡುತ್ತ ನೀರು ಹಾಯಿಸಬೇಕು ಎಂಬುದು ನನಗೆ ಮೊದಲ ಸಲ ಹೊಳೆಯಿತು.

"ಪಾಲಾದಾಗ ಆ ಹೊಲ ನಿನ್ನ ಗಂಡನಿಗೆ ಬರಬೇಕಿತ್ತು ಅಂತಾರೆ," ಎಂದೆ.

"ಬರಬೇಕಿತ್ತು. ಭಾವ ಇಟ್ಕೊಂಡ್ರು." ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಅಷ್ಟಕ್ಕೆ ನಾನು ಮಣ್ಣಿಗೆ ವಿಷ ಹಾಕಿದೆ ಅಂತೀರಾ ಮೇಡಂ?"

ನಾನು ವಿಷದ ಮಾತೇ ಎತ್ತಿರಲಿಲ್ಲ. ಆದರೆ ಹೊಲ ಬಾಡಿದ ಈ ಮೂರು ವಾರದಿಂದ ಊರೆಲ್ಲ ಎತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇಂಥ ಸಮಾಧಾನಗಳನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಹೊರಡುವಾಗ ಮತ್ತೆ ಬೂಟು ಅದ್ದಿದೆ. ನನ್ನ ಮನೆಯ ನೆಮ್ಮದಿ ಎಂದಳಲ್ಲ. ನನ್ನ ಮನೆಯಲ್ಲಿರುವುದು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬ ತಮ್ಮ. ಅಮ್ಮ ಸತ್ತಾಗ ನಾಲ್ಕು ವರ್ಷದವನಾಗಿದ್ದ ಅವನನ್ನು ಎತ್ತಿ ಬೆಳೆಸಿದವಳು ನಾನೇ.

ಯಜಮಾನರ ಹೊಲ ಕೆಡದೆ ಯಜಮಾನರ ಮನಸ್ಸು ಕೆಡುತ್ತಿರಲಿಲ್ಲ. ಯಜಮಾನರ ಮನಸ್ಸು ಕೆಡದೆ ಗಾಜಿನ ಸಸಿಮನೆ ಏಳುತ್ತಿರಲಿಲ್ಲ. ದಾರಿಯುದ್ದಕ್ಕೂ ಈ ಲೆಕ್ಕ ತಪ್ಪಾಗಲಿ ಎಂದು ಹಂಬಲಿಸುತ್ತ ನಡೆದೆ.

*

ಸಭೆ ಕೋಸು ಪ್ಯಾಕ್ ಮಾಡುವ ಶೆಡ್ಡಿನಲ್ಲಿ. ಮೂವತ್ತು ಜನ ಕ್ರೇಟುಗಳನ್ನು ಬೋರಲು ಹಾಕಿ ಕೂತಿದ್ದರು. ಸಸಿ ಅಕ್ಕ ಬಾಗಿಲ ಹತ್ತಿರ ನಿಂತೇ ಇದ್ದಳು. ಅವಳಿಗೆ ಯಾರೂ ಕ್ರೇಟು ಸರಿಸಲಿಲ್ಲ. ತಮ್ಮ ಮೇಜಿನ ಮುಂದೆ ಪುಸ್ತಕ ಬಿಚ್ಚಿಕೊಂಡಿದ್ದ.

ನಾನು ಎದ್ದು ನಿಂತೆ. ಬಲೆ ಹಾಕಿಯೇ ಬಂದಿದ್ದೆ. ಗುಂಡಿಗಳ ವಿಷಯ, ಬೈರಿಗೆಯ ವಿಷಯ, ಬೇಲಿ ಬುಡದ ಸಾಸಿವೆಯ ವಿಷಯ, ಒಂದನ್ನೂ ಬಾಯಿಬಿಡಬಾರದೆಂದು ನಿಶ್ಚಯಿಸಿದ್ದೆ.

"ರೋಗ ಗಡ್ಡೆಬೇರೇ. ಹತ್ತು ಕಡೆ ದುಂಡಗೆ ಬಿದ್ದಿದೆ. ಸಸಿಯಿಂದ ಬಂದಿದ್ರೆ ಸಾಲು ಹಿಡಿದು ಬರ್ತಿತ್ತು. ಒಂದು ಸಾಲೂ ಪೂರ್ತಿ ಕೆಟ್ಟಿಲ್ಲ. ಹಾಗಾಗಿ ಇದು ಸಸಿಯ ರೋಗ ಅಂತ ನಾನು ಬರೆಯಲ್ಲ."

ಗುಜುಗುಜು ಎದ್ದಿತು. ಯಜಮಾನರು ಕ್ರೇಟಿನಿಂದ ಅರ್ಧ ಎದ್ದರು.

"ಮತ್ತೆ ಆಕಾಶದಿಂದ ಬಿತ್ತಾ ಮೇಡಂ?"

"ಎಲ್ಲಿಂದ ಅಂತ ಹೇಳೋಕೆ ನಂಗೆ ಮೂರು ದಿನ ಬೇಕು. ಅಲ್ಲಿವರೆಗೆ ಒಂದು ಟ್ರೇಯನ್ನೂ ಮುಟ್ಟಬಾರದು. ನೀವೇ ಹೋಗಿ ನೋಡಿ ಯಜಮಾನ್ರೆ. ನಿಮ್ಮ ಕಣ್ಣಿಗೆ ಸಾಲು ಕಂಡ್ರೆ ನನ್ನ ವರದಿ ಹರಿದು ಹಾಕಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಹೊಲವನ್ನು ಮನಸ್ಸಿನಲ್ಲೇ ನಡೆದು ನೋಡುತ್ತಿದ್ದರೆಂದು ತೋರಿತು. ಕೊನೆಗೆ ಕೂತರು.

"ಮೂರು ದಿನ," ಎಂದರು.

ಸಸಿ ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು.

ತಮ್ಮ ನಡಾವಳಿ ಬರೆದು ಮುಗಿಸಿ ಗಂಟಲು ಸರಿಪಡಿಸಿಕೊಂಡ. ಎಂದಿನಂತೆ ಗಟ್ಟಿಯಾಗಿ ಓದಿದ.

"ಮಣ್ಣು ತಜ್ಞೆಯವರ ವರದಿಯಂತೆ, ಸದರಿ ಹೊಲದಲ್ಲಿ ಹನ್ನೊಂದು ಕಡೆ ರೋಗ ಕಂಡುಬಂದಿದ್ದು, ಮೂಲ ತಿಳಿಯುವವರೆಗೆ ಮೂರು ದಿನಗಳ ಕಾಲ..."

ಮುಂದಿನದು ನನಗೆ ಕೇಳಿಸಲಿಲ್ಲ. ಮೂವತ್ತು ತಲೆ ಅಲ್ಲಾಡಿದವು, ಒಬ್ಬರೂ ಗಮನಿಸಲಿಲ್ಲ. ಹೊಲದಲ್ಲಿ ಕಾಣುವುದು ಹತ್ತು. ನಕ್ಷೆಯಲ್ಲಿರುವುದು ಹತ್ತು. ನಾನು ಹೇಳಿದ್ದು ಹತ್ತು. ಹನ್ನೊಂದು ಎಂದು ತಾನಾಗಿ ಬರೆಯುವ ಕೈ ಒಂದೇ, ಹನ್ನೊಂದು ಗುಂಡಿ ತುಂಬಿದ ಕೈ.

ಆ ಕೈಗೆ ಅಕ್ಷರ ತಿದ್ದಿಸಿದವಳು ನಾನು.

"ಅಕ್ಕಾ, ಇಲ್ಲಿ ಸಹಿ," ಎಂದು ಪೆನ್ನು ಚಾಚಿದ.

ಜನ ಎದ್ದು ಕ್ರೇಟು ಜೋಡಿಸುತ್ತಿದ್ದರು. ಪೆನ್ನು ತೆಗೆದುಕೊಂಡೆ. ಸಹಿ ಹಾಕಲಿಲ್ಲ. ಹನ್ನೊಂದು ಎಂಬ ಪದದ ಸುತ್ತ ದುಂಡಗೆ ಒಂದು ಗೆರೆ ಎಳೆದು ಪುಸ್ತಕವನ್ನು ಅವನ ಕಡೆ ತಿರುಗಿಸಿದೆ.

ಅವನು ನೋಡಿದ. ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಅವನ ಕಣ್ಣು ನೆಲ ಹುಡುಕುತ್ತದೆ. ಈಗ ಹುಡುಕಲಿಲ್ಲ.

"ನಾನೇ ಹೋಗಿದ್ದೆ ಅಕ್ಕಾ," ಎಂದ, ತೀರ ಮೆಲ್ಲಗೆ. "ನಿನ್ನ ಕಣ್ಣಿನ ಗಲಾಟೇಲಿ ಸಸಿ ಅಕ್ಕಂಗೆ ಬಿಡುವಿಲ್ಲ ಅಂತ ಬೈರಿಗೆ ನಾನು ತಗೊಂಡೆ. ನಿನ್ನ ಮೇಜಿನ ಕೆಳಗೆ ಗುಂಡಿ ತುಂಬೋ ಮಣ್ಣಿನ ಚೀಲ ಇತ್ತಲ್ಲ, ಅದನ್ನೇ ತುಂಬಿದೆ. ಗುಂಡಿಗೆ ಒಂದು ಡಬ್ಬಿ, ನೀನು ಮಾಡೋ ಹಾಗೇ. ಬೇಕು ಅಂತ ಮಾಡ್ಲಿಲ್ಲ."

"ಬೇಯಿಸಿದ ಮಣ್ಣಿಗೆ ಗಡ್ಡೆಬೇರು ಬರಲ್ಲ ಕಣೋ."

"ಅದಕ್ಕೇ ಹೊಲ ಬಾಡಿದ ದಿನದಿಂದ ನಂಗೆ ನಿದ್ದೆ ಇಲ್ಲ. ತಪ್ಪು ಸಸಿ ಮೇಲೆ ಹೋದ್ರೆ ಹೋಗ್ಲಿ ಅಂತ ಸುಮ್ನಿದ್ದೆ. ನಿನ್ನ ಹೆಸರು ಬರಬಾರದು ಅಂತ."

"ನನ್ನ ಹೆಸರಾ?"

ಅವನು ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟ. "ಚೀಲಕ್ಕೆ ಕಟ್ಟಿದ್ದ ಚೀಟಿ. ಬಿಚ್ಚಿ ಇಟ್ಕೊಂಡಿದ್ದೆ. ಯಾರಿಗೂ ತೋರ್ಸಿಲ್ಲ."

ಬಿಡಿಸಿದೆ. 'ಗುಂಡಿ ತುಂಬುವ ಮಣ್ಣು. ಬೇಯಿಸಿದ್ದು. ಪರೀಕ್ಷೆ ಆಗಿದೆ.' ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಕೆಳಗೆ ನನ್ನ ಸಹಿ, ಅದರ ಕೆಳಗೆ ತಾರೀಖು.

ತಾರೀಖನ್ನು ಎರಡು ಸಲ ಓದಿದೆ. ನನ್ನ ಕಣ್ಣಿಗೆ ಪಟ್ಟಿ ಕಟ್ಟಿ ಅಂದಿಗೆ ನಾಲ್ಕನೇ ದಿನ. ಆ ದಿನ ನಾನು ಪೆನ್ನು ಮುಟ್ಟಿರಲಿಲ್ಲ. ಇಂಥ ಚೀಟಿ ಬರಿ ಎಂದು ಯಾರಿಗೂ ಹೇಳಿರಲಿಲ್ಲ.

ತಲೆ ಎತ್ತಿದೆ. ಆ ಒಂಬತ್ತು ದಿನ ನನ್ನ ಅಕ್ಷರದಲ್ಲಿ ಬರೆದವಳು ಬಾಗಿಲಲ್ಲೇ ನಿಂತಿದ್ದಳು. ಅವಳ ನಲವತ್ತು ಸಾವಿರ ಸಸಿಯನ್ನು ಈಗಷ್ಟೇ ಉಳಿಸಿಕೊಟ್ಟ ನನ್ನನ್ನು ನೋಡಿ, ಮೂರು ವಾರಗಳ ನಂತರ ಮೊದಲ ಸಲ ನಕ್ಕಳು.